ಸಿ ಲ್ಯಾಬಿನಲ್ಲಿ ಇನ್ನೂ ನೀಲಿ ಪರದೆ ಏಕೆ?

ಮಾನ್ಯ ಸಂಪಾದಕರೇ,

ನನ್ನ ತಂಗಿಯ ಮಗಳು ಡಿಪ್ಲೊಮಾ ಓದುತ್ತಿದ್ದಾಳೆ. ಅಲ್ಲಿ ಸಿ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತಾರೆ. ಮೊನ್ನೆ ಅವಳ ಲ್ಯಾಬ್ ರೆಕಾರ್ಡ್ ನೋಡಿದೆ. ಪ್ರತಿ ಪ್ರೋಗ್ರಾಂನಲ್ಲೂ ಹಳೇ ಕಾಲದ ಸಾಲುಗಳು: ಪರದೆ, ಕೀಲಿಮಣೆ ಕೆಲಸಕ್ಕೆ ಕೋನಿಯೊ ಹೆಡರ್, ಪ್ರೋಗ್ರಾಂ ಶುರುವಿಗೆ ವಾಯ್ಡ್ ಮೇನ್. ಅವರ ಲ್ಯಾಬಿನಲ್ಲಿ ಇಂದಿಗೂ ಸಿ ಪ್ರೋಗ್ರಾಂ ಬರೆದು ಓಡಿಸುವ ಟರ್ಬೊ ಸಿ ಅನ್ನುವ ಹಳೆಯ ಸಾಫ್ಟ್‌ವೇರಿನ ನೀಲಿ ಪರದೆಯೇ. ಬೋರ್ಲ್ಯಾಂಡ್ ಕಂಪನಿ ಟರ್ಬೊ ಸಿ ತಂದದ್ದು 1987ರಲ್ಲಿ! ಸಿಯಲ್ಲಿ ಪೂರ್ಣಾಂಕ ಇಡುವ ಜಾಗಕ್ಕೆ ಇಂಟ್ ಅನ್ನುತ್ತಾರೆ. "ಇಂಟ್ ಎಷ್ಟು ಬೈಟಮ್ಮಾ?" ಅಂತ ಕೇಳಿದೆ. "2, ಮಾಮ" ಅಂದಳು. ಅವಳ ಕೈಯಲ್ಲಿದ್ದ ಫೋನಿನಲ್ಲಿ ಅದು 4.

ಈ ವ್ಯತ್ಯಾಸ ನನಗೆ ಮೂರು ವಾರ ನಿದ್ದೆ ಕೆಡಿಸಿತ್ತು. 1998ರಲ್ಲಿ ಊರಿನ ಹಾಲಿನ ಸೊಸೈಟಿಗೆ ಟರ್ಬೊ ಸಿಯಲ್ಲಿ ಒಂದು ಪುಟ್ಟ ಡೇಟಾಬೇಸ್ ಲೈಬ್ರರಿ ಬರೆದಿದ್ದೆ. ಬೆಳಗ್ಗೆಯೋ ಸಂಜೆಯೋ ಅನ್ನಲು ಒಂದು ಕ್ಯಾರ್ (ಒಂದು ಅಕ್ಷರ), ಸದಸ್ಯರ ನಂಬರಿಗೆ ಒಂದು ಲಾಂಗ್ (ದೊಡ್ಡ ಪೂರ್ಣಾಂಕ), ಹಾಲಿನ ಅಳತೆಗೆ ಒಂದು ಇಂಟ್. ಟರ್ಬೊ ಸಿಯಲ್ಲಿ ಅವು 1, 4, 2 ಬೈಟ್. ಒಟ್ಟು ಒಂದು ದಾಖಲೆಗೆ 7 ಬೈಟ್. ಈ ಮೂರೂ ಸೇರಿದ ಕಟ್ಟನ್ನು, ಅಂದರೆ ಸ್ಟ್ರಕ್ಚರನ್ನು, ಹಾಗೇ ಇಡಿಯಾಗಿ ಫೈಲಿಗೆ ಬರೆದುಬಿಡುತ್ತಿದ್ದೆ.

ಮುಂದೆ ಅದನ್ನು 64 ಬಿಟ್ ಲಿನಕ್ಸ್‌ಗೆ, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಜಿಸಿಸಿ ಕಂಪೈಲರ್‌ಗೆ ತರಬೇಕಾಯಿತು. ಕೋನಿಯೊ ಕಿತ್ತು ಹಾಕಲು ಅರ್ಧ ದಿನ ಸಾಕಾಯಿತು. ಒಂದು ಎರರ್ ಇಲ್ಲದೆ ಕಂಪೈಲ್ ಆಯಿತು. ಹಳೆಯ ಫೈಲ್ ತೆರೆದೆ. ಮೊದಲ ದಾಖಲೆಯಲ್ಲಿ "ಬೆಳಗ್ಗೆ" ಅನ್ನುವ ಗುರುತು ಸರಿ ಬಂತು. ಉಳಿದದ್ದೆಲ್ಲ ಕಸ. ಇಲ್ಲಿ ಲಾಂಗ್ 8 ಬೈಟ್, ಇಂಟ್ 4. ಜೊತೆಗೆ ಲಾಂಗ್ ಸರಿಯಾದ ಜಾಗದಲ್ಲಿ ಕೂರಲಿ ಅಂತ ಕಂಪೈಲರ್ ಕ್ಯಾರ್ ಆದಮೇಲೆ 7 ಬೈಟ್ ಖಾಲಿ ಬಿಡುತ್ತದೆ, ಕೊನೆಯಲ್ಲಿ ಇನ್ನೂ 4. ನನ್ನ 7 ಬೈಟಿನ ದಾಖಲೆ 24 ಆಗಿತ್ತು. ಒಂದು ಓದಲು ಹೋದರೆ ಮೂರಕ್ಕಿಂತ ಜಾಸ್ತಿ ನುಂಗುತ್ತಿತ್ತು. ಅದು ರೈತರ ಹಾಲಿನ ಲೆಕ್ಕ. ಒಂದು ಲೀಟರೂ ಆಚೀಚೆ ಆಗುವಂತಿರಲಿಲ್ಲ. ಕೊನೆಗೆ ಒಂದೊಂದೇ ಬೈಟ್ ಓದಿ, ನಾನೇ ಜೋಡಿಸಿ ಸಂಖ್ಯೆ ಮಾಡುವಂತೆ ಇಡೀ ಲೈಬ್ರರಿಯನ್ನು ಬದಲಿಸಿದೆ.

ಆಮೇಲೆ ಇಂಥದ್ದೇ ಡೇಟಾಬೇಸ್ ಲೈಬ್ರರಿಯಾದ ಎಸ್‌ಕ್ಯುಲೈಟ್‌ನ ಕೋಡ್ ಓದಿದೆ. 2000ನೇ ಇಸವಿಯಲ್ಲಿ ರಿಚರ್ಡ್ ಹಿಪ್ ಶುರು ಮಾಡಿದ್ದು, ಇಂದು ಪ್ರತಿ ಆಂಡ್ರಾಯ್ಡ್ ಫೋನಿನಲ್ಲೂ ಇದೆ. ಅಲ್ಲೂ ಫೈಲಿನ ಸಂಖ್ಯೆಗಳನ್ನು ಬೈಟ್ ಬೈಟಾಗಿಯೇ ಜೋಡಿಸುತ್ತಾರೆ. ಅದಕ್ಕೇ ಒಂದೇ ಫೈಲ್ ಯಾವ ಪ್ರೊಸೆಸರ್‌ನಲ್ಲಾದರೂ ತೆರೆಯುತ್ತದೆ. ಇದನ್ನು ನನಗೆ ಕಾಲೇಜಿನಲ್ಲೇ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನಿಸುತ್ತದೆ.

ಲ್ಯಾಬ್ ನಡೆಸುವ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಮಕ್ಕಳಿಗೆ ಜಿಸಿಸಿ ಕೊಡಿ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಯಾವ ಕಂಪ್ಯೂಟರ್‌ನಲ್ಲಾದರೂ ಹಾಕಬಹುದು. ಟರ್ಬೊ ಸಿಯನ್ನು ಒಂದೇ ಒಂದು ದಿನಕ್ಕೆ ಉಳಿಸಿಕೊಳ್ಳಿ. ಆ ದಿನ ಒಂದೇ ಸ್ಟ್ರಕ್ಚರ್‌ನ ಅಳತೆಯನ್ನು ಎರಡರಲ್ಲೂ ಪ್ರಿಂಟ್ ಮಾಡಿಸಿ. ಒಂದರಲ್ಲಿ 7, ಇನ್ನೊಂದರಲ್ಲಿ 24 ಬಂದಾಗ ಏಕೆ ಅಂತ ಅವರೇ ಕೇಳುತ್ತಾರೆ, ಅಲ್ವಾ? ನನ್ನ ಹಳೆಯ ಕೋಡ್ ಬೇಕಿದ್ದರೆ ಕೊಡುತ್ತೇನೆ. ಹಾಸನದ ಸುತ್ತಮುತ್ತ ಆದರೆ ನಾನೇ ಬಂದು ತೋರಿಸುತ್ತೇನೆ.

– ಒಬ್ಬ ನಿವೃತ್ತ ಪ್ರೋಗ್ರಾಮರ್, ಹಾಸನ