ಹೆಂಚು ಕೊಟ್ಟವರಿಗೆ, ಹೊತ್ತವರಿಗೆ

ಎಲ್ಲರಿಗೂ ನಮಸ್ಕಾರ. ಹಳೆ ಮಂಗಳೂರು ಹೆಂಚುಗಳಿಂದ ಮಾಡಿದ ನನ್ನ ಮೊದಲ ಏಕವ್ಯಕ್ತಿ ಕಲಾ ಪ್ರದರ್ಶನ ಮೊನ್ನೆ ಭಾನುವಾರ ಮುಗಿಯಿತು. ಬ್ಯಾನರಿನಲ್ಲಿ ನನ್ನೊಬ್ಬನ ಹೆಸರೇ ಇತ್ತು. ಉಳಿದವರ ಋಣ ಇಲ್ಲಾದರೂ ಹೇಳಿಕೊಳ್ಳಬೇಕಲ್ವಾ? ಹೆಸರು ಬೇಡ ಅಂತ ಹಲವರು ಹೇಳಿದ್ದಾರೆ. ಹಾಗಾಗಿ ಹೆಸರಿಲ್ಲದೆಯೇ ಬರೆಯುತ್ತೇನೆ.

ಮೊದಲು ಗುಜರಿ ಅಂಗಡಿಯ ಕಾಕ. ಹಳೆ ಮನೆ ಕೆಡವುವ ಸುದ್ದಿ ಮಂಗಳೂರಿನಲ್ಲಿ ಎಲ್ಲರಿಗಿಂತ ಮೊದಲು ಸಿಗುವುದು ಅವರಿಗೆ. "ಮಾಷ್ಟ್ರೆ, ಬೇಗ ಬನ್ನಿ, ಹೆಸರಿರುವ ಹೆಂಚು ಉಂಟು" ಅಂತ ಫೋನ್ ಮಾಡುತ್ತಿದ್ದರು. ಹೆಂಚಿನ ಹೊಟ್ಟೆಯಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತದೆ, ಅದನ್ನು ಓದುವುದು ಕಲಿಸಿದ್ದೂ ಅವರೇ. ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಮಿಷನರಿ ಸಂಸ್ಥೆ) ಅಂತ ಇದ್ದರೆ ಹಳೆಯದು. ಕಾಮನ್‌ವೆಲ್ತ್ ಅಂತ ಇದ್ದರೆ ಮೊದಲ ಮಹಾಯುದ್ಧದ ನಂತರದ್ದು. ಯುದ್ಧದ ಸಮಯದಲ್ಲಿ ಬ್ರಿಟಿಷರು ಮಿಷನ್ನಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡು ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಬೇರೆ ಕಂಪನಿಗೆ ಕೊಟ್ಟರು, ಹೆಂಚಿನ ಮೇಲಿನ ಹೆಸರೂ ಬದಲಾಯಿತು. ಯುರೋಪಿನಲ್ಲಿ ಯುದ್ಧ ಆದದ್ದು ನಮ್ಮ ಅಡುಗೆಮನೆಯ ಮಾಡಿಗೂ ಗೊತ್ತಾಗಿದೆ ನೋಡಿ.

ನೋಡಲು ಬಂದವರಲ್ಲಿ ಜಾಸ್ತಿ ಜನ "ನಮ್ಮ ಸಂಸ್ಕೃತಿ ಉಳಿಸಿದಿರಿ" ಅಂದರು. ಪ್ರೀತಿಯಿಂದ ಅಂದ ಮಾತು, ಅದಕ್ಕೂ ಥ್ಯಾಂಕ್ಸ್. ಆದರೆ ನಾನು ತೋರಿಸಲು ಹೊರಟದ್ದು ಸ್ವಲ್ಪ ಬೇರೆ. ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನವರು ಹೆಂಚು ಮಾಡಲು ಶುರು ಮಾಡಿದ್ದು 1865ರಲ್ಲಿ. ಅಚ್ಚಿನ ವಿನ್ಯಾಸ ಫ್ರಾನ್ಸಿನ ಕಡೆಯದು, ಮಣ್ಣು ನಮ್ಮ ನದಿ ದಂಡೆಯದು, ದುಡಿದ ಕೈ ನಮ್ಮವರದು. ಅದಕ್ಕೂ ಮೊದಲು ಇಲ್ಲಿನ ಹೆಚ್ಚಿನ ಮನೆಗಳಿಗೆ ಹುಲ್ಲಿನ ಮಾಡು. ಈಗ ಕರಾವಳಿ ಮನೆ ಅಂದರೆ ಕೆಂಪು ಹೆಂಚು ಅಂತಲೇ ಚಿತ್ರ ಬರೆಯುತ್ತೇವೆ.

ಜಾಗದ ಕಥೆ ಚಿಕ್ಕದು. ಒಪ್ಪಿಕೊಂಡಿದ್ದ ಒಂದು ಕಡೆಯವರು ಭಾರ ತಡೆಯುವುದಿಲ್ಲ ಅಂತ ಕೊನೆ ಗಳಿಗೆಯಲ್ಲಿ ಕೈ ಎತ್ತಿದರು. ಒಂದೊಂದು ಹೆಂಚು ಎರಡು ಕಿಲೋ ಮೇಲೆ ತೂಗುತ್ತದೆ, ಅಂಥವು ಮುನ್ನೂರರ ಹತ್ತಿರ. ಮುಚ್ಚಿದ್ದ ಅಕ್ಕಿ ಮಿಲ್ಲಿನ ಗೋದಾಮು ಬಿಟ್ಟುಕೊಟ್ಟ ದಂಪತಿಗೆ, ಕರೆಂಟ್ ಬಿಲ್ಲನ್ನೂ ಕೇಳದಿದ್ದ ಅವರ ಮಗನಿಗೆ ನಾನು ಋಣಿ.

ವೆಲ್ಡಿಂಗ್ ಅಣ್ಣನ ವಿಷಯ ಮಾತ್ರ ಉದ್ದ ಹೇಳಲೇಬೇಕು. ಹೆಂಚನ್ನು ಗೋಡೆಗೆ ಒರಗಿಸಿ ಜೋಡಿಸುವುದು ನನ್ನ ಲೆಕ್ಕ. ಅವರು ಬೀಡಿ ಹಚ್ಚಿ ಸುಮ್ನೆ ನೋಡಿದರು. "ಹೆಂಚನ್ನು ಯಾರು ಎದುರಿಂದ ನೋಡ್ತಾರೆ? ಮಲಗಿಕೊಂಡು ನೋಡೋದಲ್ವಾ?" ಅಂದರು. ಅಷ್ಟೇ. ಆಂಗಲ್ ಕಬ್ಬಿಣದಲ್ಲಿ ತನ್ನ ಕಾಲ ಮೇಲೆ ನಿಲ್ಲುವ ಪಕ್ಕಾಸು, ರೀಪು (ಹೆಂಚು ಕೂರುವ ಮಾಡಿನ ಚೌಕಟ್ಟು) ಕಟ್ಟಿದರು. ಒಂದು ತೂತೂ ಕೊರೆಯಲಿಲ್ಲ, ಹೆಂಚು ಮನೆಯ ಮೇಲೆ ಕೂರುವ ಹಾಗೆಯೇ ಕೂತಿತು. ಕೈ ಎತ್ತಿದರೆ ಮುಟ್ಟುವಷ್ಟು ತಗ್ಗಿಗೆ ಮಾಡು. ಕೆಳಗೆ ನಿಂತರೆ ಇಲ್ಲಣ, ಅಂದರೆ ಒಲೆ ಹೊಗೆಯ ಮಸಿ, ಹಿಡಿದ ಕಪ್ಪು, ಅದರ ನಡುವೆ ಅಕ್ಷರ, ಒಂದು ಹೆಂಚಿನಲ್ಲಿ ಹಸಿ ಇದ್ದಾಗ ಯಾವುದೋ ನಾಯಿ ಇಟ್ಟ ಹೆಜ್ಜೆ. ಇಲ್ಲಣ ತೊಳೆಯಬೇಡಿ ಅಂತ ಹಠ ಹಿಡಿದವರೂ ಅವರೇ.

ದೂರದಿಂದಲೇ ಕಲಿಸಿದವರಿದ್ದಾರೆ. ದೃಷ್ಟಿಯಾಗದಿರಲಿ ಅಂತ ಗಾಡಿಯ ಬಂಪರಿಗೆ ಕಟ್ಟುವ ಕೂದಲಿನ ಹಗ್ಗವನ್ನು ನಾವೂ ನೋಡಿದ್ದೆವು. ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಅದೇ ಹಗ್ಗ, ಅದೇ ಬಂಪರುಗಳಿಂದ 2009ರಲ್ಲಿ 'ಬಿಹೋಲ್ಡ್' ಅನ್ನುವ ಕಲಾಕೃತಿ ಮಾಡಿದರು. ಹಗ್ಗ ಕಿಲೋಮೀಟರುಗಟ್ಟಲೆ! ನಮ್ಮ ಕೋಟೇಶ್ವರದ ಕಲಾವಿದ ಎಲ್.ಎನ್. ತಲ್ಲೂರರ ಕೆಲಸ ನೋಡಿದ ಮೇಲೆ ಹಳೆ ಸಾಮಾನನ್ನು ಪೂಜೆ ಮಾಡದೆ ಚೇಷ್ಟೆಯನ್ನೂ ಮಾಡಬಹುದು ಅನ್ನುವ ಧೈರ್ಯ ಬಂತು.

ಮತ್ತೆ ಆ ಅಮ್ಮ. ಪ್ರಾಯದಲ್ಲಿ ಹೆಂಚಿನ ಕಾರ್ಖಾನೆಯಲ್ಲಿ ಹಸಿ ಹೆಂಚು ಹೊತ್ತವರು. ಮೊಮ್ಮಗಳ ಕೈ ಹಿಡಿದು ಬಂದು ತುಂಬಾ ಹೊತ್ತು ಮೇಲೆ ನೋಡಿದರು. "ಇಷ್ಟು ಹೆಂಚು ಹೊತ್ತೆ, ನಮ್ಮ ಮನೆಗೆ ಮಾತ್ರ ಮುಳಿ ಹುಲ್ಲೇ ಇತ್ತು" ಅಂದರು. ಪ್ರದರ್ಶನದ ಬಗ್ಗೆ ಬಂದ ಯಾವ ಬರಹವೂ ಇಷ್ಟು ನೇರವಾಗಿ ನನ್ನನ್ನು ಕೇಳಿಲ್ಲ. ಮುಂದಿನ ಕೆಲಸ ಅವರ ಮಾತಿನಿಂದಲೇ ಶುರು. ಮತ್ತೆ ಬಂದು ಕೂತು ಮಾತಾಡಲು ಅವರು ಒಪ್ಪಿದ್ದಾರೆ.

ಸದ್ಯಕ್ಕೆ ಹೆಂಚೆಲ್ಲ ಕಾಕನ ಶೆಡ್ಡಿನಲ್ಲಿವೆ. ಮಳೆಗೆ ಮೊದಲು ಮಾಡು ರಿಪೇರಿಗೆ ಯಾರಿಗಾದರೂ ಬೇಕಿದ್ದರೆ ಕೇಳಿ, ಬಳಸದೆ ಉಳಿದದ್ದು ಸುಮಾರಿವೆ. ನಾಯಿ ಹೆಜ್ಜೆಯದ್ದನ್ನು ಮಾತ್ರ ಕೊಡುವುದಿಲ್ಲ.