ನಾಲೆ ಬೇಡ ಅಂದ ಮಗಳಿಗೆ

ಪುಟ್ಟಿ,

ನಾಳೆ ಬೇಸಿಗೆ ಶಿಬಿರಕ್ಕೆ ಹುಡುಗರು ಬರ್ತಾರೆ. ಅವರ ಈಜಿಗೆ ನಾಲೆ ಬೇಡ ಅಂದಿದ್ದಕ್ಕೆ ನಿನ್ನೆ ರಾತ್ರಿ ಕೂಗಾಡಿದ್ದು ನನ್ನ ತಪ್ಪು. ‘ತಾತನ ಕಾಲದಿಂದ ನಡೆದು ಬಂದದ್ದು ನಿಲ್ಲಿಸೋಕೆ ನೀನ್ಯಾರು’ ಅಂದುಬಿಟ್ಟೆ. ಈ ವರ್ಷದಿಂದ ಶಿಬಿರ ನಿನ್ನದು ಅಂದವನೂ ನಾನೇ.

ತಾತ ಹುಡುಗರ ಬೆನ್ನಿಗೆ ಸೋರೆಬುರುಡೆ ಕಟ್ಟಿ ವಿಶ್ವೇಶ್ವರಯ್ಯ ನಾಲೆಗೆ ಇಳಿಸ್ತಿದ್ದಾಗ ಏರಿ ಮಣ್ಣಿನದು. ಹುಲ್ಲೋ ಬೇರೋ ಕೈಗೆ ಸಿಗೋದು. ಈಗ ಕಾಂಕ್ರೀಟ್ ಇಳಿಜಾರು, ಅದರ ಮೇಲೆ ಪಾಚಿ. ಈಜು ಬಲ್ಲವನಿಗೂ ಹತ್ತೋಕಾಗಲ್ಲ. ಕಟ್ಟು ಪದ್ಧತಿಯಲ್ಲಿ, ಅಂದ್ರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಹರಿಸೋದರಿಂದ ಬೆಳಿಗ್ಗೆ ಮೊಣಕಾಲಿಗಿದ್ದದ್ದು ಸಂಜೆಗೆ ಎದೆಮಟ್ಟ ಬಂದಿರುತ್ತೆ. ಹೊಳೆಯೂ ಬೇಡ, ಮರಳು ತೆಗೆದ ಗುಂಡಿ ಮೇಲಿಂದ ಕಾಣಲ್ಲ. ಈಜುಕೊಳಕ್ಕೇ ಕರ್ಕೊಂಡು ಹೋಗು, ನೀನು ಹೇಳಿದ್ದೇ ಸರಿ.

ಕೊಳ ತಾನೇ ಅಂತ ಮೈಮರೀಬೇಡ. ಆ ಸಂಜೆಯ ಮಾತು ಬರೆಯಲ್ಲ, ನಿನಗೂ ಗೊತ್ತು. ಎಣಿಕೆ ವಿಚಾರ ಮಾತ್ರ ಹೇಳ್ತೀನಿ. ನೀರಿಗಿಳಿಯೋ ಮುಂಚೆ ಜೋಡಿ ಮಾಡಿ ಹೆಸರು ಬರ್ಕೊ. ಒಂದು ಸಲಕ್ಕೆ 8 ಹುಡುಗರು, ಹೆಚ್ಚು ಬೇಡ. ದಡದಲ್ಲಿ ಒಬ್ಬ ಬರೀ ನೋಡೋಕೇ ಇರಲಿ, ಅವನ ಕೈಲಿ ಮೊಬೈಲ್ ಇರಬಾರದು. 10 ನಿಮಿಷಕ್ಕೊಂದು ಸೀಟಿ, ಜೋಡಿಗಳು ಕೈ ಹಿಡಿದು ಮೇಲೆತ್ತಬೇಕು. ತಲೆ ಎಣಿಸಬೇಡ, ಜೋಡಿ ಎಣಿಸು. ತಲೆಗಳು ಓಡಾಡ್ತವೆ, ಒಂದನ್ನೇ ಎರಡು ಸಲ ಎಣಿಸಿ ಲೆಕ್ಕ ಸರಿಯಾಯ್ತು ಅಂತ ನೆಮ್ಮದಿಯಾಗಿರ್ತೀವಿ. ಮೇಲೆ ಬಂದಾಗ ಎಣಿಸು, ಬಸ್ ಹತ್ತಿದಾಗ, ಊಟಕ್ಕೆ ಕೂತಾಗ, ಮಲಗಿದಾಗ. ಮುಳುಗೋ ಮಗು ಕೂಗಲ್ಲ ಕಣವ್ವ. ಬಾಯಿ ನೀರಿನ ಮಟ್ಟದಲ್ಲೇ ಇರುತ್ತೆ, ಉಸಿರಿಗೇ ಪುರುಸೊತ್ತಿರಲ್ಲ. ಸದ್ದು ನಿಂತ ಕಡೆ ಮೊದಲು ನೋಡು.

ಯಾರಾದರೂ ಮುಳುಗಿದರೆ ನಮ್ಮವರು ಹಾರಬಾರದು. 15 ಮೀಟರ್ ಹಗ್ಗದ ತುದಿಗೆ ಮುಚ್ಚಳ ಬಿಗಿದ 5 ಲೀಟರ್ ಖಾಲಿ ಕ್ಯಾನ್ ಕಟ್ಟಿಟ್ಟಿದ್ದೀನಿ, ಅದನ್ನು ಎಸೀರಿ. ಎತ್ತಿದ ಮೇಲೆ ಹೊಟ್ಟೆ ಅಮುಕೋದು, ತಲೆಕೆಳಗು ಮಾಡಿ ತಿರುಗಿಸೋದು, ಯಾವ ದೊಡ್ಡೋರು ಹೇಳಿದರೂ ಬೇಡ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು 5 ಸಲ ಊದು. ಆಮೇಲೆ 30 ಸಲ ಎದೆ ಒತ್ತು, 2 ಸಲ ಊದು, 108 ಆಂಬುಲೆನ್ಸ್ ಬರೋವರೆಗೂ. ಓದಿದರೆ ಬರಲ್ಲ ಇದು, ತರಬೇತಿ ಗೊಂಬೆ ಮೇಲೆ ಮಾಡಿ ಕಲೀಬೇಕು.

ಕ್ಷಮೆ ಕೇಳೋಕೆ ಕೂತವನು ಪಾಠ ಶುರುಮಾಡಿದೆ.

ಗಂಡುಹುಡುಗರ ಶಿಬಿರ ಹೆಣ್ಣುಮಗಳು ನಡೆಸೋದಾ ಅನ್ನೋರಿಗೆ ಇದನ್ನು ಹೇಳು. ಅಮೆರಿಕದ ಕನೆಕ್ಟಿಕಟ್‌ನಲ್ಲಿ 1861ರಲ್ಲಿ ಫ್ರೆಡರಿಕ್ ಗನ್ ಅನ್ನೋ ಮೇಷ್ಟ್ರು ಶಾಲೆ ಹುಡುಗರನ್ನು ನಡೆಸಿಕೊಂಡು ಹೋಗಿ ಕಡಲತೀರದಲ್ಲಿ ಡೇರೆ ಹಾಕಿದ್ರು. ಆ ದೇಶದ ಮೊದಲ ಬೇಸಿಗೆ ಶಿಬಿರ ಅದೇ ಅಂತಾರೆ. ಜೊತೆಗೆ ನಿಂತು ನಡೆಸಿದ್ದು ಹೆಂಡತಿ ಅಬಿಗೈಲ್. ನಿಮ್ಮಜ್ಜಿ ಮುದ್ದೆ ತೊಳಸದಿದ್ದರೆ ತಾತನ ಶಿಬಿರವೂ ಮೂರನೇ ದಿನಕ್ಕೆ ಮುಚ್ಚೋದು. ಬೋರ್ಡಲ್ಲಿ ಅಜ್ಜಿ ಹೆಸರು ಇರಲೇ ಇಲ್ಲ. ನಿನ್ನದು ಬರೆಸಿದ್ದೀನಿ. ಬಣ್ಣ ಇನ್ನೂ ಹಸಿ, ಮುಟ್ಟಬೇಡ.

ತಾತನ ಸೀಟಿ ತಗೋಬೇಡ, ಒಳಗಿನ ಗೋಲಿ ನೆನೆದರೆ ಕೂಗಲ್ಲ. ಗೋಲಿ ಇಲ್ಲದ ಎರಡು ಸೀಟಿ ಪೆಟ್ಟಿಗೆಯಲ್ಲಿವೆ. ರಾತ್ರಿ ಎಣಿಸಿದ ಮೇಲೆ ಫೋನ್ ಮಾಡು, ಎಷ್ಟೊತ್ತಾದರೂ ಸರಿ.

ನಿನ್ನ ಅಪ್ಪ

ಮರೆತಿದ್ದೆ: 40 ಹುಡುಗರಿಗೆ ನಾಲ್ಕೂವರೆ ಕೆ.ಜಿ. ರಾಗಿಹಿಟ್ಟು ಸಾಕು. ಪಟ್ಟಣದ ಹುಡುಗರು ಮುದ್ದೆ ಅಗಿಯೋಕೆ ಹೋಗ್ತಾರೆ. ಮೊದಲ ದಿನ ಚಿಕ್ಕದಾಗಿ ಮುರಿದು, ಸಾರಲ್ಲಿ ಅದ್ದಿ ನುಂಗೋದು ನೀನೇ ತೋರಿಸು.