ಅಪ್ಪನಿಗೆ ಬಾರದ ಅಳು

ಮಂಡ್ಯ
ಭಾನುವಾರ ರಾತ್ರಿ

ಪುಟ್ಟಿ,

ನಿನ್ನ ಕಾಗದ ಬಂದು ನಾಲ್ಕು ದಿನ ಆಯಿತು. ಫೋನ್ ಮಾಡೋಣ ಎಂದು ಎರಡು ಸಲ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಫೋನಿನಲ್ಲಿ ನಾನು ಜಾಸ್ತಿ ಮಾತಾಡಿಬಿಡುತ್ತೇನೆ. ನೀನು "ಹ್ಞೂಂ ಅತ್ತೆ, ಹ್ಞೂಂ ಅತ್ತೆ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ನಾನೂ ಬರೆಯಲು ಕೂತೆ. ಅಕ್ಷರ ಕೋಳಿ ಕಾಲಾಗಿದೆ, ಹೇಗೋ ಓದಿಕೊ.

ಪರೀಕ್ಷೆ, ಪಿಜಿ ಊಟ, ರೂಮಿನ ಹುಡುಗಿಯರು, ಎಲ್ಲ ಓದಿದೆ. ಅದೆಲ್ಲ ಇದ್ದದ್ದೇ. ನಾನು ನಿಂತುಬಿಟ್ಟದ್ದು ಕೊನೆಯ ಪುಟದಲ್ಲಿ. ಅಲ್ಲಿ ಪೆನ್ನು ಬೇರೆ. ಬೇರೆ ದಿನ ಬರೆದಿದ್ದೀಯ ಅನ್ನಿಸುತ್ತದೆ. "ಅಪ್ಪ ಹೋದಾಗ ಒಂದು ಹನಿ ಬರಲಿಲ್ಲ. ಯಾವತ್ತೂ ನೋಡದ ಡೆನಿಸ್‌ಗೆ ರಾತ್ರಿಯೆಲ್ಲಾ ಅತ್ತೆ. ಅತ್ತೆ, ನನಗೆ ಅಪ್ಪನ ಮೇಲೆ ಪ್ರೀತಿ ಇರಲಿಲ್ಲವೇನೋ?"

ಮೊದಲ ಸಲ ಓದಿದಾಗ ಯಾವ ಅತ್ತೆ ನಾನು, ಯಾವ ಅತ್ತೆ ಅಳು ಎಂದೇ ತಿಳಿಯಲಿಲ್ಲ. ತಿಳಿದ ಮೇಲೆ ನಿದ್ದೆ ಬರಲಿಲ್ಲ.

ಡೆನಿಸ್ ಟೆನ್ ಯಾರು ಎಂದು ನನಗೆ ಎಲ್ಲಿ ಗೊತ್ತು? ಎದುರುಮನೆ ಹುಡುಗನನ್ನು ಕರೆದು ಅವನ ಫೋನಿನಲ್ಲಿ ಹಾಕಿಸಿಕೊಂಡು ನೋಡಿದೆ. ಆ ಮಂಜುಗಡ್ಡೆ, ಆ ಬ್ಲೇಡಿನ ಶೂ. ಬುಗುರಿ ತಿರುಗಿದ ಹಾಗೆ ತಿರುಗುತ್ತಾನಲ್ಲ! ಎಗರಿ ಕೆಳಗೆ ಬಂದಾಗ ಒಂದು ಸದ್ದು ಬರುತ್ತದೆ, ಕುಡುಗೋಲು ಹಸಿ ಹುಲ್ಲಿಗೆ ತಾಗಿದ ಹಾಗೆ. ಆ ಸದ್ದು ನನಗೆ ಹಿಡಿಸಿತು. ಆಟ ನನಗೆ ಅಷ್ಟು ತಿಳಿಯಲಿಲ್ಲ. ಹುಡುಗ ಓದಿ ಓದಿ ಹೇಳಿದ. ಕಜಕಸ್ತಾನದ ಅಲ್ಮಾಟಿಯಲ್ಲಿ ಹುಟ್ಟಿದವನು, ಚಿಕ್ಕವನಿದ್ದಾಗ ಚಳಿಯಲ್ಲಿ ಬಯಲಿನ ಮಂಜಿನ ಮೇಲೆ ಸ್ಕೇಟಿಂಗ್ ಕಲಿತನಂತೆ. 2013ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಒಂದೂಕಾಲು ಚಿಲ್ಲರೆ ಅಂಕದಲ್ಲಿ ಚಿನ್ನ ತಪ್ಪಿತಂತೆ. ಮಾರನೇ ವರ್ಷ ಸೋಚಿ ಒಲಿಂಪಿಕ್ಸ್‌ನಲ್ಲಿ ಮೊದಲ ಸುತ್ತಿಗೆ 9ನೇ ಜಾಗ, ಎರಡನೇ ಸುತ್ತು ಮುಗಿಯುವಾಗ 3ನೇ ಜಾಗ. ಕಜಕಸ್ತಾನಕ್ಕೆ ಫಿಗರ್ ಸ್ಕೇಟಿಂಗ್‌ನಲ್ಲಿ ಬಂದ ಮೊದಲ ಒಲಿಂಪಿಕ್ ಪದಕ ಅದೇ. ಇದೆಲ್ಲ ನಿನಗೆ ಬಾಯಿಪಾಠ ಇರುತ್ತದೆ, ನಾನು ನಿನಗೇ ಹೇಳುತ್ತಿದ್ದೇನೆ ನೋಡು.

ಆದರೆ ನನಗೆ ಪದಕಕ್ಕಿಂತ ಅವನ ಕೊನೆಯ ಒಲಿಂಪಿಕ್ಸ್ ಮನಸ್ಸಿಗೆ ತಟ್ಟಿತು. 2018ರ ಫೆಬ್ರವರಿ, ಕೊರಿಯಾದ ಪ್ಯೊಂಗ್‌ಚಾಂಗ್. ಅವನ ಹಿರಿಯರ ನಾಡೇ ಅದು. ಕಾಲಿನ ಗಂಟಿಗೆ ಪೆಟ್ಟಾಗಿತ್ತಂತೆ. ಹಾಗೇ ಆಡಿ 27ನೆಯವನಾಗಿ, ಮೊದಲ ಸುತ್ತಿಗೇ ಮನೆಗೆ ಹೊರಟ. ಐದು ತಿಂಗಳು ಕಳೆದು ಜುಲೈ 19, ಹಾಡಹಗಲು, ತನ್ನ ಊರಿನ ಬೀದಿಯಲ್ಲೇ ಇಬ್ಬರು ಅವನ ಕಾರಿನ ಕನ್ನಡಿ ಕೀಳುತ್ತಿದ್ದರು. ಇವನು ತಡೆಯಲು ಹೋದ. ತೊಡೆಗೆ ಚಾಕು. ರಕ್ತ ಹರಿದು ಹೋಯಿತು. 25 ವರ್ಷ ವಯಸ್ಸು.

ಕಾರಿನ ಕನ್ನಡಿ, ಪುಟ್ಟಿ. ಆ ಇಬ್ಬರಿಗೂ 18 ವರ್ಷ ಶಿಕ್ಷೆ ಆಯಿತಂತೆ, ಆಗಲಿ. ನನಗೆ ಆ ಕನ್ನಡಿ ತಲೆಯಿಂದ ಹೋಗುತ್ತಿಲ್ಲ. ಇಂಥದ್ದಕ್ಕೆ ಅಳು ಬಂದರೆ ಅದರಲ್ಲಿ ತಪ್ಪೇನು? ನನಗೇ ಗಂಟಲು ಕಟ್ಟಿತು. ಹುಡುಗ ಪಕ್ಕದಲ್ಲಿದ್ದ ಎಂದು ಕಾಫಿ ಕಾಸುವ ನೆಪ ಮಾಡಿ ಎದ್ದೆ.

ಅಂದರೆ ನಿನ್ನ ಅಳು ನನಗೆ ಚಿಂತೆಯಲ್ಲ. ಅದರ ಹಿಂದೆ ಬಾಲದ ಹಾಗೆ ಬಂದ ಪ್ರಶ್ನೆ ಇದೆಯಲ್ಲ, ಅದು. ಅಪ್ಪನ ಮೇಲೆ ಪ್ರೀತಿ ಇರಲಿಲ್ಲವೇನೋ ಎಂದು ಕೇಳುತ್ತೀಯಲ್ಲ, ಮಂಗಳವಾರ ಶುಕ್ರವಾರ ಆ ಡಯಾಲಿಸಿಸ್ ಮಷೀನಿನ ಪಕ್ಕ ನಾಲ್ಕು ನಾಲ್ಕು ಗಂಟೆ ಸ್ಟೂಲ್ ಮೇಲೆ ಕೂತಿದ್ದವಳು ಯಾರು? ನಾನಾ?

ಇದನ್ನು ನಮ್ಮ ಪಕ್ಕದ ಮನೆಯವರ ಹತ್ತಿರ ಹೇಳಿದೆ. (ನಿನ್ನ ಹೆಸರು ಎತ್ತಲಿಲ್ಲ, ಗೊತ್ತಿರುವ ಹುಡುಗಿ ಎಂದೆ. ಅವರಿಗೆ ಗೊತ್ತಾಗಿರುತ್ತದೆ ಬಿಡು.) "ಅದು ಅಪ್ಪನಿಗೇ ಬಂದ ಅಳು ಕಣ್ರೀ, ದಾರಿ ಬೇರೆ ಅಷ್ಟೇ" ಎಂದರು. ಕೇಳಲು ಚೆನ್ನಾಗಿದೆ. ಮನೆಗೆ ಬಂದ ಮೇಲೆ ಯಾಕೋ ಒಪ್ಪಿಗೆಯಾಗಲಿಲ್ಲ. ಆ ಡೆನಿಸ್ ಪಾಪ ಏನು ಮಾಡಿದ, ಅವನ ಪಾಲಿನ ಅಳುವನ್ನೂ ನಾವು ನಮ್ಮ ಮನೆಗೆ ಬರೆದುಕೊಳ್ಳಲು? ನೀನು ಅವನಿಗೇ ಅತ್ತಿರಬಹುದು. ಅವನಿಗೆ ಅಂತಲೇ. ಅದು ಹಾಗೇ ಇರಲಿ.

ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ನಿಮ್ಮಪ್ಪ ಇದನ್ನು ಯಾರಿಗೂ ಹೇಳಿರಲಾರ, ಮರ್ಯಾದೆ ಪ್ರಶ್ನೆ. 1990, ಸೆಪ್ಟೆಂಬರ್ 30. ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಶಂಕರ್‌ನಾಗ್ ಕಾರು ಅಪಘಾತದಲ್ಲಿ ಹೋದ ದಿನ. 35 ವರ್ಷ ಅವನಿಗೆ. ನಿಮ್ಮಪ್ಪನಿಗೆ ಹದಿನಾಲ್ಕು. ಎರಡು ದಿನ ಊಟ ಮುಟ್ಟಲಿಲ್ಲ. ಪೇಪರಿನಲ್ಲಿ ಬಂದ ಫೋಟೋ ಕತ್ತರಿಸಿ, ಅನ್ನದ ಅಗುಳು ಮೆತ್ತಿ ಗೋಡೆಗೆ ಅಂಟಿಸಿ, ಅದರ ಮುಂದೆ ಮುಖ ಊದಿಸಿಕೊಂಡು ಕೂತ. ಆಟೋ ಸ್ಟ್ಯಾಂಡಿನವರು ಹಾರ ಹಾಕಿ ಊದುಬತ್ತಿ ಹಚ್ಚಿದರೆ ಇವನು ಅಲ್ಲಿ ಹೋಗಿ ಅವರ ಜೊತೆ ನಿಂತ. ಇವತ್ತಿಗೂ ಆಟೋ ಹಿಂದೆ ಆ ಮುಖ ಇರುತ್ತದಲ್ಲ, ನೋಡಿದಾಗಲೆಲ್ಲ ನನಗೆ ನಿಮ್ಮಪ್ಪನ ಊದಿದ ಮುಖವೇ ಕಾಣುತ್ತದೆ.

ಅದೇ ವರ್ಷ ಮಳೆಗಾಲದಲ್ಲಿ ನಮ್ಮ ಅಜ್ಜಿ ತೀರಿಕೊಂಡಿದ್ದರು. ಅವನನ್ನು ಎತ್ತಿ ಸಾಕಿದವರು. ಮುಂದೆ ಹೆಣ ಇಟ್ಟಿದ್ದರೆ ಇವನು ಹಿತ್ತಲಲ್ಲಿ ಕೊಟ್ಟಿಗೆ ಹಿಂದೆ ಗೋಲಿ ಆಡುತ್ತಿದ್ದ. ನಿಮ್ಮ ತಾತ ಎರಡನ್ನೂ ಸೇರಿಸಿ ಬಾರಿಸಿದರು. "ಸಾಕಿದ ಮುದುಕಿ ಸತ್ತಾಗ ಗೋಲಿ, ಈಗ ಸಿನಿಮಾದೋನ್ಗೆ ಉಪವಾಸವಾ?" ಎಂದು. ಬೆನ್ನ ಮೇಲೆ ಬಾಸುಂಡೆ ಎದ್ದಿತ್ತು, ನಾನೇ ಎಣ್ಣೆ ಹಚ್ಚಿದೆ. ಅವನಿಗೆ ಅಜ್ಜಿ ಮೇಲೆ ಪ್ರೀತಿ ಇರಲಿಲ್ಲ ಎಂದು ಹೇಳಲು ನನಗಂತೂ ಬಾಯಿ ಬರುವುದಿಲ್ಲ. ನಿನಗೆ ಯಾರ ಹೆಸರು ಇಟ್ಟ ಎಂದು ನಿನಗೇ ಗೊತ್ತಿದೆ.

ಇನ್ನೊಂದು. ಆ 2018ರ ನವೆಂಬರ್ 24, ಶನಿವಾರ. ಮಧ್ಯಾಹ್ನ ಪಾಂಡವಪುರದ ಕಡೆ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಬಿತ್ತು. 30 ಜನ ಹೋದರು. ಶಾಲೆ ಬಿಟ್ಟು ಬರುತ್ತಿದ್ದ ಮಕ್ಕಳು ಅದರಲ್ಲಿ. ಅದೇ ರಾತ್ರಿ ಬೆಂಗಳೂರಿನಲ್ಲಿ ಅಂಬರೀಶ್ ಹೋದರು. ಮಾರನೇ ದಿನ ನಮ್ಮ ಸ್ಟೇಡಿಯಂಗೆ ತಂದರು. ನಾನೂ ಹೋಗಿ ಸಾಲಿನಲ್ಲಿ ನಿಂತೆ. ನೂಕಾಟದಲ್ಲಿ ಚಪ್ಪಲಿ ಒಂದು ಹೋಯಿತು. ಮುಖ ಕಂಡದ್ದೇ ಬಿಕ್ಕಿ ಬಿಕ್ಕಿ ಅತ್ತೆ. ಆ ಮಕ್ಕಳಿಗೆ ನನಗೆ ಅಳು ಬಂದಿರಲಿಲ್ಲ, ಪುಟ್ಟಿ. ಅನ್ನ ಸೇರಲಿಲ್ಲ, ನಾಲೆ ಕಡೆ ಹೋಗುವ ಬಸ್ಸು ಹತ್ತಲು ತಿಂಗಳುಗಟ್ಟಲೆ ಆಗಲಿಲ್ಲ. ಆದರೆ ಕಣ್ಣಲ್ಲಿ ನೀರು, ಇಲ್ಲ. ಡೆನಿಸ್‌ನನ್ನೂ ಅವನ ಊರಿನಲ್ಲಿ ಒಳಾಂಗಣ ಕ್ರೀಡಾಂಗಣದಲ್ಲೇ ಇಟ್ಟಿದ್ದರಂತೆ, ಸಾವಿರಾರು ಜನ ಬಂದಿದ್ದರಂತೆ. ಅವರಲ್ಲಿ ಎಷ್ಟು ಜನ ತಮ್ಮ ಮನೆಯ ಸಾವಿಗೆ ಅತ್ತಿದ್ದರೋ ಇಲ್ಲವೋ ಯಾರು ಕೇಳಿದರು?

ಏನೋ ಹೇಳಲು ಹೋಗಿ ಎಲ್ಲಿಗೋ ಬಂದೆ.

ನಿಮ್ಮಪ್ಪ ಹೋಗುವ ಹದಿನೈದು ದಿನ ಮುಂಚೆ ನನ್ನನ್ನು ಕೇಳಿದ್ದ, "ಅಕ್ಕ, ಒಂದು ಎಳನೀರು ಕುಡಿಸ್ತೀಯಾ?" ಡಯಾಲಿಸಿಸ್‌ನವರಿಗೆ ಎಳನೀರು ಬೇಡ, ಪೊಟ್ಯಾಸಿಯಂ ಜಾಸ್ತಿ, ಹೃದಯಕ್ಕೆ ಅಪಾಯ ಎಂದು ಡಾಕ್ಟರು ಹೇಳಿದ್ದರು. ನಾನು ಕೊಡಲಿಲ್ಲ. ಡಾಕ್ಟರು ಹೇಳಿದ್ದು ಸರಿ, ನಾನು ಮಾಡಿದ್ದೂ ಸರಿ. ಆದರೂ ಮದ್ದೂರು ಮಾರುಕಟ್ಟೆಯಿಂದ ಎಳನೀರು ಲಾರಿಗಟ್ಟಲೆ ಎಲ್ಲೆಲ್ಲಿಗೋ ಹೋಗುತ್ತದೆ, ನನ್ನ ತಮ್ಮನಿಗೆ ಒಂದು ಬುರುಡೆ ದಕ್ಕಲಿಲ್ಲ. ಈಗ ಅವನ ಫೋಟೋ ಮುಂದೆ ದೀಪ ಹಚ್ಚುವಾಗ ನನಗೆ ಏನೂ ಆಗುವುದಿಲ್ಲ. ಎಳನೀರು ಗಾಡಿ ಕಂಡರೆ ರಸ್ತೆ ದಾಟಿ ಆ ಕಡೆಯಿಂದ ಹೋಗುತ್ತೇನೆ.

ಸಲಹೆ ಕೇಳಿದ್ದೀಯ. ನನ್ನ ಹತ್ತಿರ ಏನಿದೆ? ರೂಮಿನ ಹುಡುಗಿಯರು "ಯಾವನೋ ಫಾರಿನ್‌ನವನಿಗೆ ದೀಪ ಹಚ್ಚಿದ್ದಾಳೆ" ಎಂದು ನಕ್ಕರೆ ಉತ್ತರ ಕೊಡಲು ಹೋಗಬೇಡ. ದೀಪ ಹಚ್ಚಿದ್ದು ತಪ್ಪಲ್ಲ. ಹಾಸಿಗೆ ಪಕ್ಕ ಇಡಬೇಡ ಅಷ್ಟೇ, ಸೊಳ್ಳೆ ಪರದೆಗೆ ಹತ್ತಿಕೊಂಡೀತು. ಆ ವಿಡಿಯೋಗಳನ್ನು ನೋಡಬೇಡ ಎನ್ನುವುದಿಲ್ಲ, ರಾತ್ರಿ ಒಂದು ಗಂಟೆಗೆ ಬೇಡ. ಸೋಚಿಯದ್ದನ್ನು ನೋಡು, ಆ ಕೊನೆಯ ಬೀದಿಯ ಸುದ್ದಿಯನ್ನು ಪದೇ ಪದೇ ಓದಬೇಡ. ನಿದ್ದೆ ಹೀಗೇ ಬರದಿದ್ದರೆ ಮನಸ್ಸಿನ ಡಾಕ್ಟರ ಹತ್ತಿರ ಒಂದು ಸಲ ಹೋಗಿ ಬರುವುದು ಒಳ್ಳೆಯದೇನೋ. ಹುಚ್ಚು ಎಂದು ಹೇಳುತ್ತಿಲ್ಲ, ತಪ್ಪು ತಿಳಿಯಬೇಡ. ಬೇಕಾದರೆ ನಾನೂ ಬರುತ್ತೇನೆ, ಹೊರಗೆ ಕೂತಿರುತ್ತೇನೆ, ಒಳಗೆ ಬರುವುದಿಲ್ಲ. ನಿಮ್ಮಮ್ಮನಿಗೆ ಈಗಲೇ ಹೇಳುವುದು ಬೇಡ ಅನ್ನಿಸುತ್ತದೆ. ಅಥವಾ ಹೇಳಿದರೆ ಒಳ್ಳೆಯದೋ? ನೀನೇ ನೋಡಿ ಮಾಡು.

ಮುಂದಿನ ತಿಂಗಳು ವರ್ಷದ ತಿಥಿ. ಜನ ಬರುತ್ತಾರೆ. ಅಲ್ಲಿ ನಿನಗೆ ಅಳು ಬರದಿದ್ದರೆ ಬೇಡ. ಅಡುಗೆ ಮನೆಯಲ್ಲಿ ನನ್ನ ಜೊತೆ ಇರು, ಎಲೆ ಒರೆಸಿಕೊಡು. ಯಾರೂ ಏನೂ ಕೇಳದ ಹಾಗೆ ನಾನು ನೋಡಿಕೊಳ್ಳುತ್ತೇನೆ.

ಇದನ್ನು ಹೇಳುವ ಬಾಯಿ ನನಗೆ ಎಲ್ಲಿಂದ ಬಂತು ಎಂದು ನೀನು ಕೇಳಬಹುದು.

ನಾಲ್ಕು ದಿನದಿಂದ ಸುತ್ತಿ ಸುತ್ತಿ ಇಲ್ಲಿಗೇ ಬರುತ್ತಿದ್ದೇನೆ, ಬರೆದುಬಿಡುತ್ತೇನೆ. ಅವತ್ತು ಚಪ್ಪರದ ಕೆಳಗೆ ನಿಮ್ಮಪ್ಪನನ್ನು ಮಲಗಿಸಿದ್ದಾಗ ನಾನು ರಾಗ ಎಳೆದು, ಎದೆ ಬಡಿದುಕೊಂಡು ಅತ್ತೆ. ಸುಳ್ಳು ಅಳು ಅಲ್ಲ ಅದು. ಪೂರ್ತಿ ನಿಜವೂ ಅಲ್ಲ. ಅಳುತ್ತಲೇ ಯಾರು ಯಾರು ಬಂದರು ಎಂದು ಓರೆಗಣ್ಣಲ್ಲಿ ನೋಡುತ್ತಿದ್ದೆ. ಬೀಗರು ಬಂದರು. ನೀನು ಕಂಬಕ್ಕೆ ಒರಗಿ, ಒಣಗಿದ ಕಣ್ಣು ಬಿಟ್ಟುಕೊಂಡು ಫ್ಯಾನ್ ನೋಡುತ್ತ ಕೂತಿದ್ದೆ. ನಾನು ನಿನ್ನ ತೋಳು ಚಿವುಟಿ, ಕಿವಿಯ ಹತ್ತಿರ ಬಗ್ಗಿ, "ಅಳೇ, ಜನ ನೋಡ್ತಾವ್ರೆ" ಎಂದೆ.

ನೀನು ನನ್ನ ಮುಖ ನೋಡಿದೆ. ಆಗಲೂ ಅಳಲಿಲ್ಲ. ಅಳಲು ಪ್ರಯತ್ನ ಮಾಡಿದೆ, ಅದು ನನಗೆ ಕಾಣಿಸಿತು. ಬಾಯಿ ಸೊಟ್ಟ ಆಯಿತು, ನೀರು ಬರಲಿಲ್ಲ.

ಮೂರು ವರ್ಷ ಓಡಾಡಿದ ಮಗು ಅದು, ದಣಿದಿದೆ, ಸುಮ್ನೆ ಬಿಡಬೇಕಿತ್ತು. ತಲೆ ನೇವರಿಸಿ ಒಂದು ಲೋಟ ಕಾಫಿ ಕೊಡಬೇಕಿತ್ತು. ಬೀಗರು ಏನೆಂದುಕೊಳ್ಳುತ್ತಾರೋ ಎಂಬುದು ನನಗೆ ದೊಡ್ಡದಾಯಿತು. ಈಗ ನಿನ್ನ ಕೊನೆಯ ಪುಟ ಓದಿದಾಗ ಆ ಪ್ರಶ್ನೆ ನಿನ್ನದಲ್ಲ, ನಾನೇ ಅವತ್ತು ನಿನ್ನ ಕಿವಿಗೆ ಹಾಕಿದ್ದು ಎಂದು ಅನ್ನಿಸುತ್ತಿದೆ. ಹಾಗಿದ್ದರೆ ಅದನ್ನು ವಾಪಸ್ ಕೊಡು. ಕ್ಷಮಿಸು ಎಂದು ಬರೆಯಬೇಕು. ಬರೆದಿದ್ದೇನೆ ಎಂದುಕೊ.

ಶನಿವಾರ ಬರುತ್ತೀಯಾ? ಸಂಜೆ ರೈಲಿಗೆ ಬಂದರೆ ಸ್ಟೇಷನ್ನಿಗೆ ನಾನೇ ಬರುತ್ತೇನೆ. ಉಪ್ಸಾರು ಮಾಡುತ್ತೇನೆ, ಮುದ್ದೆ ಬೇಡದಿದ್ದರೆ ಅನ್ನ. ನಿಮ್ಮಪ್ಪ ಕೊಡಿಸಿದ್ದ ಚಕ್ರದ ಶೂ ಇಲ್ಲೇ ಅಟ್ಟದ ಮೇಲಿದೆ, ಹೋದ ವಾರ ಹಪ್ಪಳದ ಡಬ್ಬ ಹುಡುಕುವಾಗ ಕೈಗೆ ಸಿಕ್ಕಿತು. ಒಂದು ಚಕ್ರ ಕಚ್ಚಿಕೊಂಡಿದೆ. ಡೆನಿಸ್‌ನ ಆ ಸೋಚಿಯದ್ದನ್ನು ನೀನೇ ತೋರಿಸು, ಆ ಹುಡುಗ ಅರ್ಧಕ್ಕೇ ಓಡಿಸಿಬಿಟ್ಟ.

ಒಂದು ಮಾತು. ನಾನು ಚಿವುಟಿದ್ದು ನಿನಗೆ ನೆನಪಿತ್ತಾ? ಇಲ್ಲದಿದ್ದರೆ ಸುಮ್ಮನೆ ನೆನಪಿಸಿದೆನಲ್ಲ ಎಂದು ಈಗ ಹೆದರಿಕೆ ಆಗುತ್ತಿದೆ. ಆದರೂ ಪುಟ ಹರಿಯುತ್ತಿಲ್ಲ, ಹಾಗೇ ಕಳಿಸುತ್ತಿದ್ದೇನೆ.

ನಿನ್ನ
ಅತ್ತೆ